ಅಚ್ಚಾಗದೆ ಉಳಿದ ಪುಟಗಳು

ಮುದ್ರಣಕಲೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅಚ್ಚಾಗಿ ಹೊರಬಂದ ಪುಟಗಳ ಚರಿತ್ರೆಯನ್ನೇ ಬರೆದಿದ್ದಾರೆ. ಯಂತ್ರದೊಳಕ್ಕೆ ಹೋಗಿ ಹೊರಕ್ಕೆ ಬಾರದೆ ಹೋದ ಪುಟಗಳ ವಿಚಾರವನ್ನು ಎತ್ತಿದವರು ವಿರಳ. ಗಣಕಯಂತ್ರವೂ ಲೇಸರ್ ಪ್ರಿಂಟರೂ ಊರೂರಿಗೆ ಬಂದಿರುವ ಈ ಕಾಲದಲ್ಲಿ ಇಂಥ ಪುಟದ ಅನುಭವವು ಬಹುಜನಕ್ಕೆ ಹೊಸದಲ್ಲ. ಹತ್ತು ಪುಟಗಳ ಬರಹವು ನಿರಾಯಾಸವಾಗಿ ಅಚ್ಚಾಗುತ್ತದೆ. ನಡುವೆ ಒಂದು ದೊಡ್ಡ ನಕ್ಷೆಯೋ, ಎಳೆಎಳೆಯಾಗಿ ಬರೆದ ಒಂದು ಚಿತ್ರವೋ ಬಂದಿತೆಂದರೆ ಯಂತ್ರವು ಬಹಳ ಹೊತ್ತು ದೀಪವನ್ನು ಮಿನುಗಿಸಿ, ಅರ್ಧ ಪುಟವನ್ನು ಕೊಟ್ಟು ಸುಮ್ಮನಾಗುತ್ತದೆ. ಇಲ್ಲವೆ ಏನನ್ನೂ ಕೊಡದೆ ಸುಮ್ಮನಾಗುತ್ತದೆ. ತೆರೆಯ ಮೇಲೆ ಮಾತ್ರ ಆ ಚಿತ್ರವು ಸರ್ವಾಂಗಸುಂದರವಾಗಿ ಕಾಣುತ್ತಲೇ ಇರುತ್ತದೆ. ದೋಷವು ಬರೆದವನದೋ, ತಂತ್ರಾಂಶದ್ದೋ, ನಡುವಣ ತಂತಿಯದೋ, ಪ್ರಿಂಟರಿನದೋ ತಿಳಿಯದು. ಈ ಒಂದು ಸಂದೇಹವು 1980ರ ದಶಕದಿಂದ ಈಚೆಗೆ ಎಷ್ಟೋ ಮಂದಿ ಚಿತ್ರಕಾರರ ಮತ್ತು ಪ್ರಕಾಶಕರ ರಾತ್ರಿಗಳನ್ನು ನುಂಗಿದೆ. ಅದರ ಮೂಲವನ್ನು ಹುಡುಕಿಕೊಂಡು ಹೊರಟರೆ ಕೊನೆಗೆ ದೊರೆಯುವುದು ಯಾವುದೋ ಒಂದು ಯಂತ್ರದ ಕೆಡುಕಲ್ಲ. ಪುಟವನ್ನು ಚುಕ್ಕೆಗಳಾಗಿ ಬಿಡಿಸುವ ಕೆಲಸವು ಗಣಕಯಂತ್ರದ್ದೋ ಪ್ರಿಂಟರಿನದೋ ಎಂಬ ಒಂದು ಹಳೆಯ ವ್ಯಾಜ್ಯ ಅಲ್ಲಿ ಕಾಣುತ್ತದೆ.

ಲೇಸರ್ ಮುದ್ರಣದ ಬೀಜವು ಅಮೇರಿಕಾದ ಜೆರಾಕ್ಸ್ ಸಂಸ್ಥೆಯಲ್ಲಿ ಮೊಳೆಯಿತು. ಅಲ್ಲಿದ್ದ ಗ್ಯಾರಿ ಸ್ಟಾರ್ಕ್‌ವೆದರ್ ಎಂಬವರು, ನಕಲು ತೆಗೆಯುವ ಯಂತ್ರದ ಉರುಳೆಯ ಮೇಲೆ ಮೂಲಪ್ರತಿಯ ಪ್ರತಿಬಿಂಬವನ್ನು ಬೀಳಿಸುವುದಕ್ಕೆ ಬದಲಾಗಿ ಲೇಸರ್ ಕಿರಣದಿಂದ ನೇರವಾಗಿ ಬರೆದರೆ ಹೇಗೆಂದು ಯೋಚಿಸಿ, 1971ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಸಂಶೋಧನ ಕೇಂದ್ರಕ್ಕೆ ಬಂದ ಮೇಲೆ ಆ ಯೋಚನೆಯನ್ನು ಯಂತ್ರರೂಪಕ್ಕೆ ತಂದರು. 1977ರಲ್ಲಿ ಜೆರಾಕ್ಸ್ 9700 ಎಂಬ ಹೆಸರಿನಿಂದ ಅದು ಪೇಟೆಯನ್ನು ಸೇರಿತು. ಯಂತ್ರದ ಕ್ರಮವು ಕೇಳುವುದಕ್ಕೆ ಸರಳವಾದುದು: ತಿರುಗುತ್ತಿರುವ ಉರುಳೆಯ ಮೇಲೆ ಕಿರಣವು ಗೆರೆಗೆರೆಯಾಗಿ ಹರಿಯುತ್ತದೆ, ಮಸಿ ಹಿಡಿಯಬೇಕಾದ ಚುಕ್ಕೆಗೂ ಬಿಳಿಯಾಗಿ ಉಳಿಯಬೇಕಾದ ಚುಕ್ಕೆಗೂ ತಕ್ಕಂತೆ ಕಿರಣವು ಹತ್ತಿ ಆರುತ್ತದೆ. ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನಿಗೆ ಒಂದು ಅಕ್ಷರವು ಸಿಕ್ಕದಿದ್ದರೆ ಅವನು ಕೈ ತಡೆದು, ಹುಡುಕಿ, ಆಮೇಲೆ ಜೋಡಿಸಬಹುದಾಗಿತ್ತು. ಉರುಳೆಗೆ ಆ ತಾಳ್ಮೆಯಿಲ್ಲ. ಕಾಗದವು ಒಮ್ಮೆ ಹೊರಟಿತೆಂದರೆ ಪುಟವು ಮುಗಿಯುವವರೆಗೆ ಅದು ನಿಲ್ಲುವಂತಿಲ್ಲ. ಅಷ್ಟರೊಳಗೆ ಪ್ರತಿಯೊಂದು ಗೆರೆಯ ಚುಕ್ಕೆಗಳೂ ಸಿದ್ಧವಾಗಿರಬೇಕು.

ಆ ಚುಕ್ಕೆಗಳ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದರೆ ಮುಂದಿನ ಕಥೆಯೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಂಚಿಗೆ 300 ಚುಕ್ಕೆಗಳಂತೆ ಬರೆಯುವ ಯಂತ್ರದಲ್ಲಿ, ಸಾಮಾನ್ಯವಾಗಿ ಬಳಕೆಯಲ್ಲಿರುವ ಎ4 ಹಾಳೆಗೆ ಅಡ್ಡಲಾಗಿ 2,480, ಉದ್ದಕ್ಕೆ 3,508 ಚುಕ್ಕೆಗಳು ಬೀಳುತ್ತವೆ. ಗುಣಿಸಿದರೆ ಸುಮಾರು 87 ಲಕ್ಷ. ಒಂದು ಬೈಟಿಗೆ 8 ಚುಕ್ಕೆಗಳಂತೆ, ಒಂದೇ ಒಂದು ಪುಟವನ್ನು ಪೂರ್ತಿಯಾಗಿ ನೆನಪಿನಲ್ಲಿಟ್ಟುಕೊಳ್ಳಲು ಪ್ರಿಂಟರಿಗೆ 10 ಲಕ್ಷ 87 ಸಾವಿರ ಬೈಟುಗಳಿಗೂ ಮಿಕ್ಕಿದ ಮೆಮೊರಿಯು ಬೇಕು. ಈಗ ಇದು ನಗೆಪಾಟಲಾಗಿ ಕಾಣುವ ಮೊತ್ತ. 1984ರಲ್ಲಿ ಹಾಗಿರಲಿಲ್ಲ. ಆ ವರ್ಷ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯವರು 3,495 ಡಾಲರುಗಳ ಬೆಲೆಗೆ ಲೇಸರ್‌ಜೆಟ್ ಎಂಬ ಪ್ರಿಂಟರನ್ನು ಹೊರಡಿಸಿದರು. ಅದರ ಚುಕ್ಕೆಗಳು ಇಂಚಿಗೆ 300. ಅದರ ಮೆಮೊರಿ ಕೇವಲ 128 ಕಿಲೋಬೈಟು. ಎಂದರೆ ತಾನು ಬರೆಯಬಲ್ಲ ಪುಟದ ಎಂಟನೆಯ ಒಂದು ಪಾಲನ್ನೂ ಆ ಯಂತ್ರವು ನೆನಪಿನಲ್ಲಿ ಇಟ್ಟುಕೊಳ್ಳಲಾರದಾಗಿತ್ತು.

ಇಷ್ಟು ಬಡತನದಲ್ಲಿಯೂ ಅದು ನಿಮಿಷಕ್ಕೆ 8 ಪುಟಗಳನ್ನು ಹೇಗೆ ಅಚ್ಚುಮಾಡಿತೆಂದು ವಾಚಕರು ಕೇಳಬಹುದು. ಬರಿಯ ಬರಹದ ಪುಟವಾದರೆ ಚುಕ್ಕೆಗಳನ್ನು ಕೂಡಿಡಬೇಕಾದ ಅಗತ್ಯವಿಲ್ಲ. ಅಕ್ಷರಗಳ ಆಕಾರಗಳು ಯಂತ್ರದಲ್ಲಿ ಶಾಶ್ವತವಾಗಿ ನೆಲೆಗೊಂಡಿರುತ್ತವೆ. ಇಂಥ ಅಕ್ಷರವು ಇಂಥ ಸ್ಥಳದಲ್ಲಿ ಎಂಬಷ್ಟೇ ಸುದ್ದಿಯು ಗಣಕಯಂತ್ರದಿಂದ ಬಂದರೆ ಸಾಕು. ಮೂರು ಸಾವಿರ ಅಕ್ಷರಗಳ ಪುಟಕ್ಕೆ ಕೆಲವು ಸಾವಿರ ಬೈಟುಗಳಲ್ಲಿ ಕೆಲಸವು ಮುಗಿಯುತ್ತದೆ. ಉರುಳೆಯು ತಿರುಗುತ್ತಿರುವಾಗಲೇ ಯಂತ್ರವು ಕಿರಣಕ್ಕಿಂತ ಒಂದು ಹೆಜ್ಜೆ ಮುಂದಾಗಿ ಓಡುತ್ತ ಅಕ್ಷರಗಳನ್ನು ಚುಕ್ಕೆಗಳಾಗಿ ಬಿಡಿಸಿಕೊಡುತ್ತದೆ. ಆದರೆ ಚಿತ್ರಕ್ಕೆ ಮೊದಲೇ ಸಿದ್ಧವಾದ ಆಕಾರವೆಂಬುದಿಲ್ಲ. ಅದರ ಪ್ರತಿಯೊಂದು ಚುಕ್ಕೆಯನ್ನೂ ಕಳುಹಿಸಬೇಕು, ಇಟ್ಟುಕೊಳ್ಳಬೇಕು. ಆದಕಾರಣ ಲೇಸರ್‌ಜೆಟ್ಟಿನಲ್ಲಿ ಇಂಚಿಗೆ 75 ಚುಕ್ಕೆಗಳ ಒರಟು ಚಿತ್ರವು ಪುಟದ ತುಂಬ ಹಿಡಿಸುತ್ತಿತ್ತು. 300 ಚುಕ್ಕೆಗಳ ನಯವಾದ ಚಿತ್ರವಾದರೆ ಅಂಚೆಯ ಕಾರ್ಡಿನಷ್ಟೂ ಹಿಡಿಸುತ್ತಿರಲಿಲ್ಲ. 1985ರಲ್ಲಿ ಬಂದ ಲೇಸರ್‌ಜೆಟ್ ಪ್ಲಸ್ ಎಂಬುದಕ್ಕೆ 512 ಕಿಲೋಬೈಟುಗಳ ಮೆಮೊರಿ ಇದ್ದಿತು. ಅದು ಪುಟಕ್ಕೆ ಬೇಕಾದುದರ ಅರ್ಧಕ್ಕೆ ಇನ್ನೂ ಸ್ವಲ್ಪ ಕಡಿಮೆ. ದೊಡ್ಡ ಚಿತ್ರವನ್ನು ಕಳುಹಿಸಿದವರಿಗೆ ಮೇಲಿನ ಭಾಗವು ಒಂದು ಹಾಳೆಯಲ್ಲಿಯೂ ಕೆಳಗಿನ ಭಾಗವು ಮತ್ತೊಂದು ಹಾಳೆಯಲ್ಲಿಯೂ ಬಂದು ಕೈ ಸೇರುತ್ತಿದ್ದುದು ಈ ಕಾರಣದಿಂದ.

ಆ ಯಂತ್ರಗಳು ತಮ್ಮ ಕಷ್ಟವನ್ನು ಎರಡು ಅಂಕಿಗಳಲ್ಲಿ ಹೇಳಿಕೊಳ್ಳುತ್ತಿದ್ದವು. 20 ಎಂದು ತೋರಿದರೆ ಮೆಮೊರಿಯು ತುಂಬಿಹೋಯಿತೆಂದು ಅರ್ಥ. 21 ಎಂದು ತೋರಿದರೆ ಬೇರೆಯ ಅರ್ಥ: ಮೆಮೊರಿಯು ತುಂಬಲಿಲ್ಲ, ಆದರೆ ಪುಟವು ಅತಿ ಜಟಿಲವಾದುದರಿಂದ ಬಿಡಿಸುವ ಕೆಲಸವು ಕಿರಣದ ವೇಗಕ್ಕೆ ಹೊಂದದೆ ಹಿಂದೆ ಬಿದ್ದಿತು, ಕಾಗದವು ಕಾಯದೆ ಹೊರಟುಹೋಯಿತು. ಮೊದಲನೆಯದು ಪಾತ್ರೆಯ ದೋಷ; ಎರಡನೆಯದು ಕಾಲದ ದೋಷ. ಮುಂದಿನ ನಾಲ್ಕು ದಶಕಗಳಲ್ಲಿ ಕಾಣಿಸಿಕೊಂಡ ನೂರಾರು ಬಗೆಯ ಮುದ್ರಣಭಂಗಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ. ಸ್ವಾರಸ್ಯವೇನೆಂದರೆ 21ಕ್ಕೂ ಮದ್ದು ಮೆಮೊರಿಯೇ ಆಗಿದ್ದಿತು. ಪುಟವನ್ನೆಲ್ಲ ಮೊದಲೇ ಚುಕ್ಕೆಗಳಾಗಿ ಬಿಡಿಸಿಟ್ಟುಕೊಂಡು ಆಮೇಲೆ ಕಾಗದವನ್ನು ಎಳೆಯುವಷ್ಟು ಸ್ಥಳವಿದ್ದರೆ ಓಟದ ಪಂದ್ಯವೇ ಇರುವುದಿಲ್ಲ. ತರುವಾಯದ ಲೇಸರ್‌ಜೆಟ್ಟುಗಳಲ್ಲಿ ‘ಪೇಜ್ ಪ್ರೊಟೆಕ್ಷನ್’ ಎಂಬ ಏರ್ಪಾಡು ಬಂದುದು ಇದಕ್ಕಾಗಿ.

ಇದೇ ವೇಳೆಗೆ ಜೆರಾಕ್ಸಿನಿಂದ ಹೊರಬಂದ ಇಬ್ಬರು ಮತ್ತೊಂದು ದಾರಿಯನ್ನು ಹಿಡಿದಿದ್ದರು. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಷ್ಕಿ ಎಂಬವರು ಪಾಲೊ ಆಲ್ಟೊದಲ್ಲಿ ಇಂಟರ್‌ಪ್ರೆಸ್ ಎಂಬ ಪುಟವರ್ಣನೆಯ ಭಾಷೆಯನ್ನು ಕಟ್ಟುವುದರಲ್ಲಿ ಭಾಗಿಗಳಾಗಿದ್ದು, ಅದು ಬೇಗನೆ ಬೆಳಕಿಗೆ ಬರುವ ಲಕ್ಷಣವು ಕಾಣದೆ, 1982ರ ಡಿಸೆಂಬರಿನಲ್ಲಿ ಅಡೋಬಿ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ಅವರು ನಿರ್ಮಿಸಿದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಗಣಕಯಂತ್ರವು ಪ್ರಿಂಟರಿಗೆ ಚುಕ್ಕೆಗಳನ್ನು ಕಳುಹಿಸುವುದಿಲ್ಲ, ಆಜ್ಞೆಗಳನ್ನು ಕಳುಹಿಸುತ್ತದೆ. ಇಲ್ಲಿಂದ ಅಲ್ಲಿಗೆ ಗೆರೆಯನ್ನು ಎಳೆ, ಹೀಗೆ ಬಾಗಿಸು, ಆವರಣವನ್ನು ಮುಚ್ಚು, ಒಳಗೆ ಬಣ್ಣವನ್ನು ತುಂಬು ಎಂಬಂತೆ. ಒಂದು ದೊಡ್ಡ ವೃತ್ತವನ್ನು ಹೇಳುವುದಕ್ಕೆ ಒಂದು ಸಾಲು ಸಾಕು. ವ್ಯಾಕರಣವನ್ನು ಓದಿದವರಿಗೆ ಇಲ್ಲಿ ಪಾಣಿನಿಯ ಸೂತ್ರಗಳ ನೆನಪಾಗದೆ ಇರದು. ಸೂತ್ರವು ಅರ್ಧ ಪಂಕ್ತಿ; ಅದರಿಂದ ಒಂದು ರೂಪವನ್ನು ಸಾಧಿಸುವ ಪ್ರಕ್ರಿಯೆಯು ಅರ್ಧ ಗಳಿಗೆ. ಸೂತ್ರದಲ್ಲಿ ಉಳಿಸಿದ ಶ್ರಮವನ್ನು ಸಾಧಿಸುವವನು ತೆರಬೇಕಾಗುತ್ತದೆ. ಪೋಸ್ಟ್‌ಸ್ಕ್ರಿಪ್ಟಿನಲ್ಲಿ ಸೂತ್ರವನ್ನು ಬರೆಯುವುದು ಗಣಕಯಂತ್ರ, ರೂಪಸಿದ್ಧಿಯನ್ನು ಮಾಡಬೇಕಾದುದು ಪ್ರಿಂಟರು.

ಆದಕಾರಣ ಪ್ರಿಂಟರು ಸ್ವತಃ ಒಂದು ಗಣಕಯಂತ್ರವೇ ಆಗಬೇಕಾಯಿತು. 1985ರ ಜನವರಿಯಲ್ಲಿ ಆಪಲ್ ಸಂಸ್ಥೆಯವರು ಪ್ರಕಟಿಸಿದ ಲೇಸರ್‌ರೈಟರ್ ಎಂಬ ಪ್ರಿಂಟರಿನ ಬೆಲೆ 6,995 ಡಾಲರು. ಅದರೊಳಗೆ ಕಾಗದವನ್ನು ಎಳೆದು ಮಸಿ ಹಿಡಿಸುವ ಭಾಗವು ಲೇಸರ್‌ಜೆಟ್ಟಿನಲ್ಲಿದ್ದ ಕ್ಯಾನನ್ ಸಂಸ್ಥೆಯದೇ. ಬೆಲೆಯು ಎರಡರಷ್ಟಾದುದು ಮುಖ್ಯವಾಗಿ ಬುದ್ಧಿಗೂ ನೆನಪಿಗೂ. ಲೇಸರ್‌ರೈಟರಿನ ಮೆಮೊರಿ ಒಂದೂವರೆ ಮೆಗಾಬೈಟು. ಅದಕ್ಕೆ ಕೆಲಸವನ್ನು ಕೊಡುತ್ತಿದ್ದ ಮ್ಯಾಕಿಂತೋಷ್ ಗಣಕಯಂತ್ರಕ್ಕಾದರೋ ಹೆಚ್ಚೆಂದರೆ ಅರ್ಧ ಮೆಗಾಬೈಟು. ಗುರುವಿಗಿಂತ ಶಿಷ್ಯನು ಬಲಶಾಲಿಯಾಗಿದ್ದ ಅಪೂರ್ವ ಪ್ರಸಂಗವಿದು. ಒಂದೂವರೆ ಮೆಗಾಬೈಟಿನಲ್ಲಿ ಪುಟದ ಚುಕ್ಕೆಗಳಿಗೆ ಒಂದು ಮೆಗಾಬೈಟು ಹೋಗಿ, ಉಳಿದ ಅರ್ಧದಲ್ಲಿಯೇ ಆಜ್ಞೆಗಳೂ ಅಕ್ಷರಗಳೂ ಇತರ ಸಾಮಗ್ರಿಯೂ ಸಂಸಾರಮಾಡಬೇಕಾಗಿದ್ದಿತು.

ಈ ಅರ್ಧದ ಇಕ್ಕಟ್ಟನ್ನು ಮೊದಲು ಅನುಭವಿಸಿದವರಲ್ಲಿ ಲ್ಯಾಟಿನ್ನೇತರ ಲಿಪಿಗಳವರೂ ಸೇರುತ್ತಾರೆ. ಲೇಸರ್‌ರೈಟರಿನಲ್ಲಿ ಹುಟ್ಟಿನಿಂದಲೇ ಇದ್ದುದು 13 ಅಕ್ಷರಜಾತಿಗಳು, ಎಲ್ಲವೂ ಟೈಮ್ಸ್, ಹೆಲ್ವೆಟಿಕಾ, ಕೊರಿಯರ್ ಮತ್ತು ಸಿಂಬಲ್ ವಂಶಗಳವು. ಕನ್ನಡದ ಒಂದು ಅಕ್ಷರವೂ ಅದಕ್ಕೆ ತಿಳಿಯದು. ಕನ್ನಡದಲ್ಲಿ ಅಚ್ಚುಮಾಡಬೇಕಾದರೆ ಅಕ್ಷರಗಳ, ಒತ್ತುಗಳ, ಗುಣಿತದ ಚಿಹ್ನೆಗಳ ಆಕಾರಗಳನ್ನೆಲ್ಲ ಕೆಲಸದ ಜೊತೆಯಲ್ಲಿಯೇ ಕಳುಹಿಸಿ ಮೆಮೊರಿಯಲ್ಲಿ ಇಳಿಸಬೇಕು. ಇಂಗ್ಲಿಷಿನವರಿಗೆ ಬರಹವು ಬರಹ, ಚಿತ್ರವು ಚಿತ್ರ. ಕನ್ನಡದವರಿಗೆ ಬರಹವೂ ಮೊದಲು ಚಿತ್ರದಂತೆಯೇ ಹೊರೆಯಾಗಿ ಹೋಗಿ ಆಮೇಲೆ ಬರಹವಾಗಬೇಕಾಗಿದ್ದಿತು.

1987ರಲ್ಲಿ ಅಡೋಬಿಯವರು ಇಲಸ್ಟ್ರೇಟರ್ ಎಂಬ ಚಿತ್ರರಚನೆಯ ತಂತ್ರಾಂಶವನ್ನು ಹೊರಡಿಸಿದರು. ಚಿತ್ರಕಾರರು ಬಾಗುಗೆರೆಗಳನ್ನು ಎಳೆಎಳೆಯಾಗಿ ಹೊಂದಿಸಿ ನಕ್ಷೆಗಳನ್ನೂ ಲಾಂಛನಗಳನ್ನೂ ಸಸ್ಯಗಳ ಚಿತ್ರಗಳನ್ನೂ ಬರೆಯತೊಡಗಿದರು. ಆಗ ಬೆಳಕಿಗೆ ಬಂದುದು ಪೋಸ್ಟ್‌ಸ್ಕ್ರಿಪ್ಟಿನ ಗ್ರಂಥದ ಅನುಬಂಧದಲ್ಲಿ ಅಡಗಿದ್ದ ಒಂದು ಸಂಖ್ಯೆ. ಒಂದು ಕಾಲದಲ್ಲಿ ಚಾಲ್ತಿಯಲ್ಲಿರುವ ಗೆರೆಗಳ ಬಿಂದುಗಳೆಲ್ಲ ಒಟ್ಟು ಸೇರಿ 1,500ನ್ನು ಮೀರಕೂಡದೆಂದು ಅಲ್ಲಿ ಬರೆದಿದ್ದಿತು. ಮೀರಿದರೆ ಯಂತ್ರವು ‘ಲಿಮಿಟ್‌ಚೆಕ್’ ಎಂಬ ದೋಷವನ್ನು ಘೋಷಿಸಿ ಕೆಲಸವನ್ನು ಕೈಬಿಡುತ್ತಿತ್ತು. ಸರಳವಾದ ಲಾಂಛನಕ್ಕೆ 1,500 ಬಿಂದುಗಳು ಧಾರಾಳವಾಗಿ ಸಾಕು. ಆದರೆ ಕೊಲ್ಲಿ ಮೂಲೆಗಳಿಂದ ಅಂಕುಡೊಂಕಾದ ಸಮುದ್ರತೀರವನ್ನು ಒಂದೇ ಗೆರೆಯಾಗಿ ಎಳೆದರೆ ಸಾಲವು. 1989ರಲ್ಲಿ ಬಂದ ಸ್ಟ್ರೀಮ್‌ಲೈನ್ ಎಂಬ ತಂತ್ರಾಂಶವು ಛಾಯಾಚಿತ್ರವನ್ನು ನೋಡಿ ತಾನೇ ಗೆರೆಗಳನ್ನು ತೆಗೆಯುತ್ತಿದ್ದಿತು. ಮನುಷ್ಯನು ನಾಲ್ಕು ಬಿಂದುಗಳಲ್ಲಿ ಮುಗಿಸುವ ಬಾಗನ್ನು ಅದು ನಲವತ್ತರಲ್ಲಿ ಬರೆದರೂ ಆಶ್ಚರ್ಯವಿರಲಿಲ್ಲ.

ಎಲ್ಲಕ್ಕಿಂತಲೂ ದುಃಖಕರವಾದುದು ಮತ್ತೊಂದು. ಪೋಸ್ಟ್‌ಸ್ಕ್ರಿಪ್ಟಿನ ದೊಡ್ಡ ಪ್ರತಿಜ್ಞೆಯು ಯಂತ್ರನಿರಪೇಕ್ಷತೆ: ಒಂದೇ ವರ್ಣನೆಯು ಕಡಿಮೆ ಬೆಲೆಯ ಪ್ರಿಂಟರಿನಲ್ಲಿಯೂ ದೊಡ್ಡ ಫಿಲ್ಮ್ ಯಂತ್ರದಲ್ಲಿಯೂ ಒಂದೇ ಪುಟವನ್ನು ಕೊಡಬೇಕು. 1985ರಿಂದಲೇ ಲಿನೋಟೈಪ್ ಸಂಸ್ಥೆಯ ಲಿನೋಟ್ರಾನಿಕ್ ಯಂತ್ರಗಳು ಈ ಭಾಷೆಯನ್ನು ಕಲಿತಿದ್ದವು. ಪ್ರಕಾಶಕರು ಕಚೇರಿಯ ಲೇಸರ್‌ರೈಟರಿನಲ್ಲಿ ಕರಡನ್ನು ತೆಗೆದು, ನೋಡಿ, ಒಪ್ಪಿ, ಅದೇ ಕಡತವನ್ನು ಲಿನೋಟ್ರಾನಿಕ್ ಇದ್ದ ಅಂಗಡಿಗೆ ಕಳುಹಿಸುತ್ತಿದ್ದರು. ಕರಡಿನಲ್ಲಿ ನಿರ್ದೋಷವಾಗಿ ಬಂದ ಚಿತ್ರವು ಅಲ್ಲಿ ಲಿಮಿಟ್‌ಚೆಕ್ ಎಂದು ಬಿದ್ದುಹೋಗುತ್ತಿತ್ತು. ಕಡತವು ಅದೇ, ಭಾಷೆಯು ಅದೇ, ಯಂತ್ರವು ಇನ್ನೂ ಉತ್ತಮವಾದುದು, ಆದರೂ ಸೋಲು. ಪತ್ರಿಕೆಯು ಬೆಳಗಾಗುವುದರೊಳಗೆ ಮುದ್ರಣಕ್ಕೆ ಹೋಗಬೇಕಾಗಿರುವಾಗ ಈ ಒಗಟನ್ನು ಎದುರಿಸಿದವರ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು. ಅಂಗಡಿಯವರು ಚಿತ್ರವನ್ನು ದೂರುತ್ತಿದ್ದರು, ಚಿತ್ರಕಾರರು ಅಂಗಡಿಯನ್ನು; ಖರ್ಚು ಯಾರ ತಲೆಯ ಮೇಲೆ ಎಂಬುದು ಬಗೆಹರಿಯುತ್ತಿರಲಿಲ್ಲ.

ಕಾರಣವು ಗಣಿತದಲ್ಲಿದೆ. ಪೋಸ್ಟ್‌ಸ್ಕ್ರಿಪ್ಟಿನಲ್ಲಿ ಬಾಗುಗೆರೆಯು ನಾಲ್ಕು ಬಿಂದುಗಳಿಂದ ಹೇಳಲ್ಪಡುತ್ತದೆ. ಯಂತ್ರವು ಅದನ್ನು ಬರೆಯುವಾಗ ಚಿಕ್ಕ ಚಿಕ್ಕ ನೇರ ತುಂಡುಗಳಾಗಿ ಒಡೆದು ಬರೆಯುತ್ತದೆ. ತುಂಡು ನಿಜವಾದ ಬಾಗಿನಿಂದ ಎಷ್ಟು ಚುಕ್ಕೆಗಳಷ್ಟು ದೂರ ಸರಿಯಬಹುದೆಂಬ ಅಳತೆಗೆ ‘ಫ್ಲಾಟ್‌ನೆಸ್’ ಎಂದು ಹೆಸರು. ಲಿನೋಟ್ರಾನಿಕ್ 300 ಎಂಬ ಯಂತ್ರವು ಇಂಚಿಗೆ 2,540 ಚುಕ್ಕೆಗಳವರೆಗೆ, ಎಂದರೆ ಮಿಲಿಮೀಟರಿಗೆ 100ರಂತೆ, ಬರೆಯಬಲ್ಲುದಾಗಿತ್ತು. ಅದರ ಚುಕ್ಕೆಯು ಲೇಸರ್‌ರೈಟರಿನ ಚುಕ್ಕೆಗಿಂತ ಎಂಟೂವರೆಯಷ್ಟು ಸಣ್ಣದು. ಒಂದು ಚುಕ್ಕೆಯ ತಪ್ಪನ್ನು ಮಾತ್ರ ಕ್ಷಮಿಸುವುದೆಂದು ಎರಡು ಯಂತ್ರಗಳಿಗೂ ಒಂದೇ ಆಜ್ಞೆಯನ್ನು ಕೊಟ್ಟರೆ, ಲಿನೋಟ್ರಾನಿಕ್ ಅದೇ ಬಾಗನ್ನು ಸುಮಾರು ಮೂರರಷ್ಟು ತುಂಡುಗಳಾಗಿ ಒಡೆಯಬೇಕಾಗುತ್ತದೆ. ಕರಡಿನಲ್ಲಿ ಮಿತಿಯೊಳಗಿದ್ದುದು ಫಿಲ್ಮಿನಲ್ಲಿ ಮಿತಿಯನ್ನು ಮೀರುತ್ತಿದ್ದುದು ಹೀಗೆ. ಮದ್ದು ತಿಳಿದ ಮೇಲೆ ಬಹು ಸುಲಭ: ಫ್ಲಾಟ್‌ನೆಸ್ಸನ್ನು 8ಕ್ಕೆ ಏರಿಸಿದರಾಯಿತು. ಲಿನೋಟ್ರಾನಿಕ್ಕಿನ ಎಂಟು ಚುಕ್ಕೆಗಳೆಂದರೆ ಮಿಲಿಮೀಟರಿನ ನೂರರಲ್ಲಿ ಎಂಟು ಪಾಲು. ಅದು ಲೇಸರ್‌ರೈಟರಿನ ಒಂದು ಚುಕ್ಕೆಗಿಂತ ದೊಡ್ಡದಲ್ಲ. ಕಣ್ಣಿಗೆ ಕಾಣದ ನಯಕ್ಕಾಗಿ ಪುಟವನ್ನೇ ಕಳೆದುಕೊಳ್ಳುವುದರಲ್ಲಿ ಜಾಣತನವಿರಲಿಲ್ಲ. ಇಲಸ್ಟ್ರೇಟರಿನಲ್ಲಿ ಉದ್ದವಾದ ಗೆರೆಗಳನ್ನು ತಾನಾಗಿ ಒಡೆದು ಕಳುಹಿಸುವ ಮತ್ತೊಂದು ಏರ್ಪಾಡೂ ಬಂದಿತು. ಆದರೆ ಒಡೆದ ಗೆರೆಗಳನ್ನು ಆಮೇಲೆ ತಿದ್ದುವುದು ಬಲು ಪ್ರಯಾಸವಾದುದರಿಂದ ಒಡೆಯದ ಮೂಲವನ್ನು ಬೇರೆಯಾಗಿ ಕಾಪಾಡಿಕೊಳ್ಳುವುದು ವಾಡಿಕೆಯಾಯಿತು.

ಇಷ್ಟು ತಿಳಿಯುವುದಕ್ಕೆ ಮೊದಲು ಜನರು ಏಕೆ ಅಷ್ಟು ತೊಳಲಿದರೆಂದರೆ, ಯಂತ್ರವು ತನ್ನ ದೋಷವನ್ನು ಕಾಗದದ ಮೇಲೆ ಹೇಳುತ್ತಿರಲಿಲ್ಲ. ಪೋಸ್ಟ್‌ಸ್ಕ್ರಿಪ್ಟಿನಲ್ಲಿ ‘ಶೋಪೇಜ್’ ಎಂಬ ಆಜ್ಞೆಯು ಬಂದ ಮೇಲೆಯೇ ಪುಟವು ಹೊರಬೀಳುವುದು. ಅದು ಸಾಮಾನ್ಯವಾಗಿ ಪುಟದ ವರ್ಣನೆಯ ಕೊನೆಯಲ್ಲಿರುತ್ತದೆ. ಅದಕ್ಕೆ ಮೊದಲೇ ದೋಷವು ತಗಲಿದರೆ ಅರ್ಧ ಪುಟವೂ ದೊರೆಯದು. ಯಂತ್ರವು ದೋಷದ ಹೆಸರನ್ನೂ, ಯಾವ ಆಜ್ಞೆಯಲ್ಲಿ ತಪ್ಪಿತೆಂಬುದನ್ನೂ, ಕೆಲಸದ ಉಳಿದ ಭಾಗವನ್ನು ಬಿಟ್ಟುಬಿಡುತ್ತೇನೆಂಬುದನ್ನೂ ಬಂದ ತಂತಿಯಲ್ಲಿಯೇ ಗಣಕಯಂತ್ರಕ್ಕೆ ಹಿಂದಕ್ಕೆ ಹೇಳಿ ಕಳುಹಿಸುತ್ತಿತ್ತು. ಆದರೆ ಕೇಳುವವರು ಬೇಕಲ್ಲವೆ? ಎಷ್ಟೋ ತಂತ್ರಾಂಶಗಳು ಹಿಂದಕ್ಕೆ ಬಂದ ಮಾತಿಗೆ ಕಿವಿಗೊಡುತ್ತಲೇ ಇರಲಿಲ್ಲ. ಬೈಟುಗಳನ್ನು ಕಳುಹಿಸಿ, ಮುಗಿಯಿತೆಂದು ತೆರೆಯ ಮೇಲೆ ಹೇಳಿ, ಕೈ ತೊಳೆದುಕೊಳ್ಳುತ್ತಿದ್ದವು. ಕಾಗದವೂ ಇಲ್ಲ, ಕಾರಣವೂ ಇಲ್ಲ. ಈ ಮೌನವನ್ನು ಮುರಿಯಲು ಅಡೋಬಿಯವರೇ ಒಂದು ಸಣ್ಣ ಕಾರ್ಯಕ್ರಮವನ್ನು ಬರೆದು ಹಂಚಿದರು. ಅದನ್ನು ಮೊದಲು ಪ್ರಿಂಟರಿಗೆ ಇಳಿಸಿಬಿಟ್ಟರೆ, ದೋಷವು ಬಂದಾಗ ಅಲ್ಲಿಯವರೆಗೆ ಬರೆದಷ್ಟು ಪುಟವೂ ದೋಷದ ಹೆಸರೂ ಕಾಗದದ ಮೇಲೆಯೇ ಅಚ್ಚಾಗಿ ಬರುತ್ತಿದ್ದವು. ಮುರಿದು ಬಂದ ಆ ಪುಟವು ಕೆಲಸ ಮಾಡುವವರಿಗೆ ಪೂರ್ಣ ಪುಟದಷ್ಟೇ ಬೆಲೆಯುಳ್ಳದ್ದಾಗಿದ್ದಿತು. ಗೆರೆಯು ಎಲ್ಲಿ ನಿಂತಿತೋ ಅದರ ಮುಂದಿನದೇ ಅಪರಾಧಿ.

ಅದೂ ಇಲ್ಲದ ಕಡೆ ಹಿಡಿದ ಉಪಾಯವು ತರ್ಕಶಾಸ್ತ್ರಕ್ಕೆ ಸಲ್ಲತಕ್ಕುದು. ಚಿತ್ರದ ಪ್ರತಿಯೊಂದನ್ನು ಮಾಡಿಕೊಂಡು ಅದರ ಅರ್ಧವನ್ನು ಅಳಿಸಿ ಅಚ್ಚಿಗೆ ಕಳುಹಿಸುವುದು. ಬಂದರೆ ದೋಷವು ಅಳಿಸಿದ ಅರ್ಧದಲ್ಲಿದೆ. ಬಾರದಿದ್ದರೆ ಉಳಿದ ಅರ್ಧದಲ್ಲಿದೆ. ದೋಷವಿರುವ ಅರ್ಧವನ್ನು ಮತ್ತೆ ಎರಡುಮಾಡುವುದು. ಸಾವಿರ ಗೆರೆಗಳ ಚಿತ್ರದಲ್ಲಿ ತಪ್ಪಿತಸ್ಥವಾದ ಒಂದು ಗೆರೆಯು ಹತ್ತು ಸಲದೊಳಗೆ ಕೈಗೆ ಸಿಕ್ಕುತ್ತದೆ. ಅದು ಇದ್ದರೆ ಇದುಂಟು, ಅದು ಇಲ್ಲದಿದ್ದರೆ ಇದಿಲ್ಲ ಎಂದು ಕಾರ್ಯಕಾರಣಗಳನ್ನು ಗೊತ್ತುಮಾಡುವ ಅನ್ವಯ-ವ್ಯತಿರೇಕವು ಇದೇ. ಇದನ್ನು ಬಿಟ್ಟು ಪ್ರಿಂಟರನ್ನು ಆರಿಸಿ ಹಚ್ಚಿ, ಅದು ಒಮ್ಮೆ ನಡೆದುದನ್ನು ಕಂಡು ಮದ್ದು ಸಿಕ್ಕಿತೆಂದು ಸಂತೋಷಪಟ್ಟವರದು ಕಾಕತಾಳೀಯ. ಅದರಲ್ಲಿಯೂ ಸ್ವಲ್ಪ ತಥ್ಯವಿಲ್ಲದಿಲ್ಲ: ಆರಿಸಿದಾಗ ಹಿಂದಿನ ಕೆಲಸಗಳು ಮೆಮೊರಿಯಲ್ಲಿ ಬಿಟ್ಟುಹೋದ ಅಕ್ಷರಜಾತಿಗಳು ಅಳಿದು ಸ್ಥಳವು ಬಿಡುವಾಗುತ್ತಿತ್ತು. ಆದರೆ ಯಾವ ಚಿತ್ರವು ಖಾಲಿ ಯಂತ್ರಕ್ಕೂ ದೊಡ್ಡದೋ ಅದಕ್ಕೆ ಈ ಉಪಾಯವು ವ್ಯರ್ಥ. ಹೀಗೆ ಹುಡುಕಿದವರಿಗೆ ಚಿತ್ರಗಳ ಒಳಗೆ ವಿಚಿತ್ರವಾದ ಸಂಗತಿಗಳು ದೊರೆತವು. ಪುಟದಲ್ಲಿ ಮೂಲೆಯಷ್ಟೇ ಕಾಣುವಂತೆ ಕತ್ತರಿಸಿಟ್ಟ ಛಾಯಾಚಿತ್ರವು ಪೂರ್ತಿಯಾಗಿಯೇ ಪ್ರಿಂಟರಿಗೆ ಹೋಗುತ್ತಿದ್ದಿತು. ಕತ್ತರಿಸಿದ್ದು ನೋಟಕ್ಕೆ ಮಾತ್ರ. ಬಿಳಿಯ ಚೌಕದಿಂದ ಮುಚ್ಚಿದ ಹಳೆಯ ಚಿತ್ರವು ಅಡಿಯಲ್ಲಿ ಹಾಗೆಯೇ ಕುಳಿತು ಹೊರೆಯಾಗುತ್ತಿದ್ದಿತು.

ಕಾಲದ ದೋಷವೂ ಇಲ್ಲಿ ಬೇರೊಂದು ವೇಷದಲ್ಲಿ ಬಂದಿತು. ಮೊದಲ ಪೋಸ್ಟ್‌ಸ್ಕ್ರಿಪ್ಟಿನಲ್ಲಿ ಛಾಯಾಚಿತ್ರದ ಪ್ರತಿಯೊಂದು ಬೈಟನ್ನೂ ಎರಡೆರಡು ಅಕ್ಷರಗಳಾಗಿ ಬರೆದು ಕಳುಹಿಸುವುದು ವಾಡಿಕೆ, ಹೊರೆಯು ಇಮ್ಮಡಿಯಾಗುತ್ತಿತ್ತು. ಸೆಕೆಂಡಿಗೆ 960 ಅಕ್ಷರಗಳು ಸಾಗುವ ಸಾಧಾರಣ ತಂತಿಯಲ್ಲಿ, ಮೇಲೆ ಲೆಕ್ಕಹಾಕಿದ ಒಂದು ಪೂರ್ಣ ಪುಟದ ಚುಕ್ಕೆಗಳು ಹೋಗಿ ಸೇರುವುದಕ್ಕೆ ಸುಮಾರು 38 ನಿಮಿಷ ಬೇಕು. ಅಷ್ಟು ಹೊತ್ತು ಯಾರು ಕಾಯುವರು? ಪ್ರಿಂಟರಿಗೂ ಗಣಕಯಂತ್ರಕ್ಕೂ ತಮ್ಮ ತಮ್ಮ ತಾಳ್ಮೆಯ ಮಿತಿಗಳಿದ್ದವು. ಪ್ರಿಂಟರು ಒಂದು ಜಟಿಲವಾದ ಗೆರೆಯಲ್ಲಿ ಮುಳುಗಿ ಹೊಸ ಬೈಟುಗಳನ್ನು ತೆಗೆದುಕೊಳ್ಳದೆ ಇದ್ದರೆ, ಗಣಕಯಂತ್ರವು ಅದು ಸತ್ತುಹೋಯಿತೆಂದು ಭಾವಿಸಿ ಕೆಲಸವನ್ನು ನಿಲ್ಲಿಸುತ್ತಿತ್ತು. 1995ರ ವಿಂಡೋಸ್ 95ರಲ್ಲಿ ಮೊದಲಿಗೇ ಇಟ್ಟಿದ್ದ ಮಿತಿಗಳು ಪ್ರಿಂಟರು ಸಿದ್ಧವಾಗುವುದಕ್ಕೆ 15 ಸೆಕೆಂಡು, ಕಳುಹಿಸಿದ್ದನ್ನು ಮತ್ತೆ ಕಳುಹಿಸಲು ಯತ್ನಿಸುವುದಕ್ಕೆ 45 ಸೆಕೆಂಡು. ಆಲೋಚನೆಯಲ್ಲಿ ಮಗ್ನನಾದವನನ್ನು ಮೂರ್ಛೆಹೋದವನೆಂದು ಎಣಿಸಿದಂತಾಯಿತು. ಈ ಎರಡು ಸಂಖ್ಯೆಗಳನ್ನು ಹೆಚ್ಚಿಸುವುದರಿಂದಲೇ ಗುಣವಾದ ಮುದ್ರಣಭಂಗಗಳು ಲೆಕ್ಕವಿಲ್ಲ.

ಹೀಗಿರುವಲ್ಲಿ ಹೊರೆಯನ್ನೆಲ್ಲ ಪ್ರಿಂಟರಿನ ತಲೆಗೆ ಕಟ್ಟುವುದು ಸರಿಯೆ ಎಂಬ ಪ್ರಶ್ನೆಯು ಏಳದೆ ಇರಲಿಲ್ಲ. 1988ರಲ್ಲಿ ಎರಡು ಕಡೆಗಳಿಂದ ಉತ್ತರವು ಬಂದಿತು. ಆಪಲ್‌ನವರ ಲೇಸರ್‌ರೈಟರ್ 2ಎಸ್‌ಸಿ ಎಂಬುದರಲ್ಲಿ ಪೋಸ್ಟ್‌ಸ್ಕ್ರಿಪ್ಟೇ ಇರಲಿಲ್ಲ. ಚುಕ್ಕೆಗಳನ್ನು ಮ್ಯಾಕಿಂತೋಷೇ ಬಿಡಿಸಿಕೊಡುತ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ನೆಕ್ಸ್ಟ್ ಸಂಸ್ಥೆಯವರು ತಮ್ಮ ಗಣಕಯಂತ್ರದ ಜೊತೆಗೆ ತೋರಿಸಿದ ಪ್ರಿಂಟರಿಗೆ ಇಂಚಿಗೆ 400 ಚುಕ್ಕೆಗಳ ನಯವಿದ್ದರೂ ಪುಟವನ್ನು ಬಿಡಿಸುವ ಸ್ವಂತ ಬುದ್ಧಿಯಿರಲಿಲ್ಲ. ಪೋಸ್ಟ್‌ಸ್ಕ್ರಿಪ್ಟು ಗಣಕಯಂತ್ರದಲ್ಲಿಯೇ ಇದ್ದು ಅದೇ ತೆರೆಗೂ ಬರೆಯುತ್ತಿತ್ತು, ಕಾಗದಕ್ಕೂ ಬರೆಯುತ್ತಿತ್ತು. ತೆರೆಯ ಮೇಲೆ ಕಂಡದ್ದು ಕಾಗದಕ್ಕೆ ಬಾರದೆ ಹೋಗುವ ಕಾರಣವೇ ಬಹುಮಟ್ಟಿಗೆ ತಪ್ಪಿಹೋಯಿತು. ಎಲ್. ಪೀಟರ್ ಡಾಯಿಚ್ ಎಂಬವರು ಅದೇ 1988ರಲ್ಲಿ ಗೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶವನ್ನು ಬರೆದು ಯಾರು ಬೇಕಾದರೂ ಬಳಸುವಂತೆ ಬಿಟ್ಟರು. ಅದು ಪೋಸ್ಟ್‌ಸ್ಕ್ರಿಪ್ಟನ್ನು ಗಣಕಯಂತ್ರದಲ್ಲಿಯೇ ಓದಿ, ಪುಟಕ್ಕೆ ಸ್ಥಳವು ಸಾಲದಿದ್ದರೆ ಪಟ್ಟಿಪಟ್ಟಿಯಾಗಿ ಬಿಡಿಸಿ, ಯಾವ ಬಡ ಪ್ರಿಂಟರಿಗಾದರೂ ಚುಕ್ಕೆಗಳನ್ನು ಕೊಡಬಲ್ಲುದು. ಪ್ರಿಂಟರು ಕೈಬಿಟ್ಟ ಕಡತವನ್ನು ಗೋಸ್ಟ್‌ಸ್ಕ್ರಿಪ್ಟಿನಲ್ಲಿ ಹಾಕಿ ನೋಡುವುದು ಆಮೇಲೆ ಒಂದು ಪರೀಕ್ಷಾವಿಧಾನವೇ ಆಯಿತು: ಅಲ್ಲಿ ನಡೆದರೆ ಕಡತವು ನಿರ್ದೋಷಿ.

ಪ್ರಿಂಟರಿನ ಪಕ್ಷದವರೂ ಸುಮ್ಮನಿರಲಿಲ್ಲ. 1990ರಲ್ಲಿ ಪ್ರಕಟವಾದ ಪೋಸ್ಟ್‌ಸ್ಕ್ರಿಪ್ಟಿನ ಎರಡನೆಯ ಮಟ್ಟದಲ್ಲಿ 1,500ರಂಥ ಕಟ್ಟಳೆಗಳು ಬಹುಪಾಲು ಸಡಿಲಗೊಂಡು, ಇರುವ ಮೆಮೊರಿಯೇ ಮಿತಿಯೆಂದಾಯಿತು. ಚಿತ್ರಗಳನ್ನು ಹಿಂಡಿ ಕಿರಿದುಮಾಡಿ ಕಳುಹಿಸುವ ವಿಧಾನಗಳೂ ಸೇರಿದವು. ಆದರೆ ಚುಕ್ಕೆಗಳೂ ಸಣ್ಣದಾಗುತ್ತ ನಡೆದವು. 1992ರ ಲೇಸರ್‌ಜೆಟ್ 4 ಇಂಚಿಗೆ 600 ಚುಕ್ಕೆಗಳನ್ನು ಬರೆಯಿತು. ಚುಕ್ಕೆಯು ಅರ್ಧವಾದರೆ ಲೆಕ್ಕವು ನಾಲ್ಕು ಪಾಲಾಗುತ್ತದೆ: ಎ4 ಪುಟಕ್ಕೆ 43 ಲಕ್ಷ ಬೈಟುಗಳು. ಅದರ ಮೂಲ ಮೆಮೊರಿ 2 ಮೆಗಾಬೈಟು. ಲಿನೋಟ್ರಾನಿಕ್ಕಿನ ಮಿಲಿಮೀಟರಿಗೆ 100 ಚುಕ್ಕೆಗಳ ಲೆಕ್ಕದಲ್ಲಾದರೋ ಅದೇ ಪುಟಕ್ಕೆ 7 ಕೋಟಿ 79 ಲಕ್ಷ ಬೈಟುಗಳು. ಪಾತ್ರೆಯು ದೊಡ್ಡದಾದಷ್ಟೂ ಅದರಲ್ಲಿ ತುಂಬಬೇಕಾದುದೂ ದೊಡ್ಡದಾಗುತ್ತ ಬಂದಿತು.

ಮೂಲದಲ್ಲಿಯೇ ಇದ್ದ ಒಂದು ತೊಡಕನ್ನು ಅಡೋಬಿಯವರು 1993ರಲ್ಲಿ ಮುಟ್ಟಿದರು. ಪೋಸ್ಟ್‌ಸ್ಕ್ರಿಪ್ಟು ಪೂರ್ಣವಾದ ಕಾರ್ಯಕ್ರಮಭಾಷೆ. ಅದರಲ್ಲಿ ಬರೆದುದನ್ನು ನಡೆಸಿ ನೋಡದೆ, ಅದು ಎಷ್ಟು ಹೊತ್ತಿಗೆ ಮುಗಿಯುವುದೆಂದಾಗಲಿ ಮುಗಿಯುವುದೇ ಎಂದಾಗಲಿ ಮೊದಲೇ ಹೇಳುವುದು ಸಾಧ್ಯವಿಲ್ಲ. ಆ ವರ್ಷ ಹೊರಟ ಪಿ.ಡಿ.ಎಫ್. ಎಂಬ ರೂಪದಲ್ಲಿ ಚಿತ್ರಿಸುವ ಆಜ್ಞೆಗಳನ್ನು ಉಳಿಸಿಕೊಂಡು, ಮತ್ತೆ ಮತ್ತೆ ಸುತ್ತುವ, ಕವಲೊಡೆಯುವ ಆಜ್ಞೆಗಳನ್ನು ತೆಗೆದುಹಾಕಿದರು. ಇದು ವಿವೇಕದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ 2001ರಲ್ಲಿ ಅದೇ ಪಿ.ಡಿ.ಎಫ್.ನ 1.4ನೆಯ ಆವೃತ್ತಿಗೆ ಪಾರದರ್ಶಕತೆ ಎಂಬ ಗುಣವನ್ನು ಕೂಡಿಸಿದಾಗ ಹೊಸ ತೊಂದರೆಯೊಂದು ಹುಟ್ಟಿತು. ನೆರಳು, ಮಂಜು, ಒಂದರ ಮೇಲೊಂದು ತೋರುವ ಬಣ್ಣಗಳು ತೆರೆಯ ಮೇಲೆ ಮನೋಹರವಾದುವು. ಪೋಸ್ಟ್‌ಸ್ಕ್ರಿಪ್ಟಿಗಾದರೋ ಪಾರದರ್ಶಕತೆಯೆಂದರೇನೆಂದೇ ತಿಳಿಯದು. ಅಚ್ಚಿಗೆ ಕಳುಹಿಸುವ ಮುನ್ನ ಆ ಪದರಗಳನ್ನೆಲ್ಲ ಚೂರುಚೂರಾಗಿ ಕತ್ತರಿಸಿ ಚಪ್ಪಟೆಮಾಡಬೇಕಾಯಿತು. ಒಂದು ಮೃದುವಾದ ನೆರಳು ಸಾವಿರ ತುಂಡುಗಳಾಗಿ ಪ್ರಿಂಟರಿನ ಬಾಗಿಲಿಗೆ ಬಂದು ನಿಂತಿತು. 2006ರಲ್ಲಿ ಅಡೋಬಿಯವರು ಪಿ.ಡಿ.ಎಫ್.ಅನ್ನು ನೇರವಾಗಿ ಓದುವ ಮುದ್ರಣಯಂತ್ರಾಂಗವನ್ನು ಹೊರಡಿಸಿದ ಮೇಲೆ ದೊಡ್ಡ ಅಚ್ಚುಕೂಟಗಳಲ್ಲಿ ಈ ತೊಂದರೆಯು ತಗ್ಗಿತು. ಸಣ್ಣ ಕಚೇರಿಗಳ ಪ್ರಿಂಟರುಗಳನ್ನು ಅದು ಬಿಟ್ಟುಹೋಗಲಿಲ್ಲ.

ಅಂಥ ಕಚೇರಿಗಳಿಗಾಗಿ ಅಕ್ರೋಬ್ಯಾಟ್ ತಂತ್ರಾಂಶದ ಮುದ್ರಣದ ಪುಟದಲ್ಲಿ, ‘ಅಡ್ವಾನ್ಸ್ಡ್’ ಎಂಬ ಗುಂಡಿಯ ಹಿಂದೆ, ‘ಪ್ರಿಂಟ್ ಆ್ಯಸ್ ಇಮೇಜ್’ ಎಂಬ ಒಂದು ಚಿಕ್ಕ ಚೌಕವನ್ನು ಇಟ್ಟಿದ್ದಾರೆ. ಅದನ್ನು ಗುರುತಿಸಿದರೆ ಗಣಕಯಂತ್ರವು ಸೂತ್ರಗಳನ್ನು ಕಳುಹಿಸುವುದನ್ನು ಬಿಟ್ಟು, ಪುಟವನ್ನೆಲ್ಲ ತಾನೇ ಚುಕ್ಕೆಗಳಾಗಿ ಬಿಡಿಸಿ ಪ್ರಿಂಟರಿಗೆ ಕೊಡುತ್ತದೆ. ಗಂಟೆಗಟ್ಟಲೆ ಹಟಮಾಡಿದ ನಕ್ಷೆಯು ಬಹುಮಟ್ಟಿಗೆ ಹೊರಬರುತ್ತದೆ. ಅಕ್ಷರಗಳೂ ಆಗ ಚಿತ್ರವಾಗಿಯೇ ಹೋಗುವುದರಿಂದ, ಕಡಿಮೆ ಚುಕ್ಕೆಗಳನ್ನು ಆರಿಸಿಕೊಂಡಿದ್ದರೆ, ಕನ್ನಡದ ಒತ್ತಕ್ಷರಗಳ ಸಣ್ಣ ಸುಳಿಗಳು ಸ್ವಲ್ಪ ಮಸಿಗಟ್ಟಿ ಬೀಳುತ್ತವೆ. ಚುಕ್ಕೆಗಳ ಸಂಖ್ಯೆಯನ್ನು 600ಕ್ಕೆ ಏರಿಸಿದರೆ ಸರಿಯಾಗುತ್ತದೆ.